ಬಾದಾಮಿ ಎಲೆಗೆ ಬಿದ್ದ ಹೊಲಿಗೆ

ಎಲ್ಲರಿಗೂ ನಮಸ್ಕಾರ. ಈಗ ಕಾಣುತ್ತಿರುವ ಹಸಿರು ಸುರುಳಿ ಇದೆಯಲ್ಲ, ಅದನ್ನು ನಾನು ಕತ್ತರಿಸಿ ಬಿಸಾಕಲು ಹೊರಟಿದ್ದೆ. ಕತ್ತರಿ ಕೈಯಲ್ಲೇ ಇತ್ತು.

ನಮ್ಮ ಮನೆ ಇರುವುದು ರಾಯಚೂರಿನಲ್ಲಿ, ಗಂಜ್, ಅಂದರೆ ಕೃಷಿ ಮಾರುಕಟ್ಟೆ, ಕಡೆ ಹೋಗುವ ರಸ್ತೆಯಿಂದ ಎರಡು ಓಣಿ ಒಳಗೆ. ಹಿತ್ತಲು ಅಂದರೆ ದೊಡ್ಡದೇನಲ್ಲ. ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವು, ಎರಡು ದಾಸವಾಳ, ಮತ್ತೆ ಯಾರೂ ನೆಡದೆ ತಾನೇ ಹುಟ್ಟಿಕೊಂಡ ಒಂದು ಬಾದಾಮಿ ಗಿಡ. ಆ ಗಿಡದ ಒಂದು ಎಲೆ ದಸರಾ ಹೊತ್ತಿಗೆ ಕೊಳವೆಯ ಹಾಗೆ ಸುತ್ತಿಕೊಂಡಿತ್ತು. ಹುಳ ಬಿದ್ದಿದೆ, ಬೇರೆ ಎಲೆಗೂ ಹಬ್ಬುತ್ತದೆ ಅಂದುಕೊಂಡೆ. ಹಿಂದಿನಿಂದ ಅವ್ವನ ಧ್ವನಿ ಬಂತು.

"ಏ, ತಡಿಯಲೇ ತಮ್ಮಾ. ಅದಕ್ಕ ಯಾರೋ ಹೊಲಿಗಿ ಹಾಕ್ಯಾರ."

ನಮ್ಮ ಅವ್ವ ಟೇಲರ್. ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ದಸರಾದಿಂದ ದೀಪಾವಳಿವರೆಗೆ ಅವಳಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಅಂಥವಳು ಅವತ್ತು ಮಷಿನ್ ನಿಲ್ಲಿಸಿ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಎಲೆಯನ್ನು ಮುಟ್ಟದೆ ಹತ್ತು ನಿಮಿಷ ನೋಡಿದಳು.

ಈಗ ಝೂಮ್ ಮಾಡುತ್ತೇನೆ, ನೀವೂ ನೋಡಿ. ಎಲೆಯ ಎರಡು ಅಂಚು ಒಂದಕ್ಕೊಂದು ಕೂಡಿವೆ. ಕೂಡಿದ ಜಾಗದಲ್ಲಿ ಸಾಲಾಗಿ ಬಿಳಿ ಚುಕ್ಕೆ ಕಾಣುತ್ತಿವೆ ಅಲ್ವಾ? ಅದು ಹತ್ತಿ. ಪಕ್ಕದಲ್ಲಿ ಸಣ್ಣಗೆ ಮಿಂಚುತ್ತಿರುವುದು ಜೇಡರ ಬಲೆಯ ಎಳೆ.

ಇದು ಸಿಂಪಿಗ ಹಕ್ಕಿಯ ಗೂಡು. ಬೆನ್ನು ಹಸಿರು, ನೆತ್ತಿ ಕಂದು, ಬಾಲ ಯಾವಾಗಲೂ ನೆಟ್ಟಗೆ. ತೂಕ ಹತ್ತು ಗ್ರಾಂ ಕೂಡ ಮುಟ್ಟುವುದಿಲ್ಲ. ಆದರೆ ಕೂಗು ಮಾತ್ರ ಓಣಿ ತುದಿಗೆ ಕೇಳಬೇಕು. ಟುವಿ, ಟುವಿ, ಟುವಿ. ಎಷ್ಟೋ ವರ್ಷದಿಂದ ಈ ಕೂಗು ಕೇಳುತ್ತಿದ್ದೆ. ಯಾವುದೋ ದೊಡ್ಡ ಹಕ್ಕಿ ಇರಬೇಕು ಎಂದು ಸುಮ್ನೆ ಮೇಲಿನ ಕೊಂಬೆ ಹುಡುಕುತ್ತಿದ್ದೆ. ಅದು ಇದ್ದದ್ದು ನನ್ನ ಎದೆಯೆತ್ತರದ ಎಲೆಯಲ್ಲಿ.

ಅವ್ವ ಗೂಡನ್ನು ನೋಡಿದ್ದು ಹಕ್ಕಿಯ ಗೂಡು ಅಂತಲ್ಲ, ಇನ್ನೊಬ್ಬ ಟೇಲರ್‌ನ ಕೆಲಸ ಅಂತ. ಮೊದಲು ಹೇಳಿದ್ದೇ ಇದು: "ಸೀದಾ ಬಾಜು ಹೊರಗ ಇಟ್ಟಾಳ ನೋಡು." ಹೌದು. ಎಲೆಯ ಮೇಲ್ಮೈ ಹೊರಗೆ, ಹಿಂಬದಿ ಒಳಗೆ. ಹಾಗಾಗಿ ದೂರದಿಂದ ನೋಡಿದರೆ ಉಳಿದ ಎಲೆಗಳ ಜೊತೆ ಇದೂ ಒಂದು. ಎಲೆಯನ್ನು ಕಿತ್ತಿಲ್ಲ, ತೊಟ್ಟು ಗಿಡದಲ್ಲೇ ಇದೆ. ಅಂಚಿನಲ್ಲಿ ಕೊಕ್ಕಿನಿಂದ ಚುಚ್ಚಿದ ತೂತುಗಳೂ ತೀರಾ ಸಣ್ಣವು. ಅದಕ್ಕೇ ಎಲೆ ಒಣಗದೆ ಹಸಿರಾಗಿಯೇ ಇದೆ.

ಆಮೇಲೆ ಅವ್ವನಿಗೆ ಒಂದು ಅನುಮಾನ ಬಂತು. "ಗಂಟು ಎಲ್ಲೈತಿ? ಗಂಟಿಲ್ಲದ ಹೆಂಗ ನಿಂತೈತಿ ಇದು?"

ನಿಜವಾಗಿಯೂ ಗಂಟಿಲ್ಲ. ಒಂದೇ ದಾರ ಎಳೆದು ಉದ್ದಕ್ಕೂ ಹೊಲಿದದ್ದೂ ಅಲ್ಲ. ಪ್ರತಿ ಹೊಲಿಗೆಯೂ ಬೇರೆ ಬೇರೆ. ತೂತಿನಿಂದ ಹತ್ತಿ ಎಳೆಯನ್ನು ಹೊರಗೆ ಎಳೆದರೆ ಅದರ ತುದಿ ಬಿಚ್ಚಿಕೊಂಡು ಪುಟ್ಟ ಉಂಡೆಯಂತೆ ಅರಳುತ್ತದೆ. ತೂತು ಸಣ್ಣದು, ಉಂಡೆ ದೊಡ್ಡದು, ವಾಪಸ್ ಜಾರುವುದಿಲ್ಲ. ಅವ್ವ ತಾನೇ ಹೆಸರಿಟ್ಟಳು, "ಹೊಲಿಗಿ ಅಲ್ಲಲೇ, ಇದು ಗುಂಡಿ ಹಚ್ಚಿದಂಗ ಐತಿ."

ಹತ್ತಿ ಎಲ್ಲಿಂದ ಬಂತು ಅಂತ ಕೇಳಿದರೆ, ಇದು ರಾಯಚೂರು ಸ್ವಾಮಿ. ಹೊಸ ಹತ್ತಿ ಬರುವ ಹೊತ್ತಿಗೆ ಗಂಜ್ ಕಡೆ ಗಾಡಿಗಳು ಸಾಲುಗಟ್ಟುತ್ತವೆ. ತುಂಬಿ ತುಳುಕುವ ಗಾಡಿಯಿಂದ ಹಾರಿದ್ದೆಲ್ಲ ರಸ್ತೆ ಬದಿಯ ಬಳ್ಳಾರಿ ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಇಗೋ, ಈ ಶಾಟ್ ಅಲ್ಲಿಯದೇ. ಅವ್ವ ಮಾತ್ರ ಅದು ಬಿಸಿಲಿಗೆ ಹಾಕಿದ್ದ ನಮ್ಮ ದಿಂಬಿನ ಹತ್ತಿ ಎಂದು ಈಗಲೂ ವಾದ ಮಾಡುತ್ತಾಳೆ. ದಿಂಬಿನ ಮೂಲೆ ಹರಿದಿದ್ದಂತೂ ಹೌದು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಮೊದಲ ದಿನ ಮೊಬೈಲ್ ಸ್ಟ್ಯಾಂಡನ್ನು ಗೂಡಿನಿಂದ ಎರಡೇ ಅಡಿ ದೂರ ಇಟ್ಟೆ. ನಲವತ್ತು ನಿಮಿಷ ಹಕ್ಕಿ ಗೂಡಿಗೆ ಬರಲೇ ಇಲ್ಲ. ದಾಸವಾಳದ ಮೇಲೆ ಕೂತು ಬೈಯುತ್ತಲೇ ಇತ್ತು. ಅವ್ವ ಬಂದು ಸ್ಟ್ಯಾಂಡ್ ಎತ್ತಿಕೊಂಡು ಒಳಗೆ ಹೋದಳು. ಆಮೇಲಿನ ಶೂಟಿಂಗ್ ಎಲ್ಲ ಅಡುಗೆಮನೆ ಕಿಟಕಿಯಿಂದ. ಅದಕ್ಕೇ ಕೆಲವು ಕಡೆ ಕುಕ್ಕರ್ ಸೀಟಿ ಕೇಳುತ್ತದೆ, ಬೇಜಾರಾಗಬೇಡಿ.

ಒಳಗೆ ಏನಿದೆ ಎಂದು ಒಂದೇ ಒಂದು ಸಲ ನೋಡಿದೆವು. ಹಕ್ಕಿ ಹೊರಗೆ ಹೋದಾಗ ಅವ್ವನ ಕೈಗನ್ನಡಿ ಎತ್ತಿ ಹಿಡಿದೆ. ಹತ್ತಿ ಮೆತ್ತೆಯ ಮೇಲೆ ಮೂರು ಮೊಟ್ಟೆ, ಕಂದು ಚುಕ್ಕೆ. ಸುಮಾರು ಹನ್ನೆರಡು ದಿನಕ್ಕೆ ಮರಿ ಆಗುತ್ತವೆ. ಅಲ್ಲಿಂದ ಇನ್ನೆರಡು ವಾರಕ್ಕೆ ಹಾರಿ ಹೋಗುತ್ತವೆ.

ಆ ದಿನಗಳಲ್ಲಿ ಹಿತ್ತಲಿಗೆ ಯಾರೇ ಬಂದರೂ ನಮಗೆ ಕಳ್ಳರ ಹಾಗೆ ಕಾಣುತ್ತಿದ್ದರು. ಗೋಡೆ ಮೇಲೆ ತಲೆ ಆಡಿಸುವ ಓತಿಕ್ಯಾತ, ಕೆಂಪು ಕಣ್ಣಿನ ಕೆಂಬೂತ, ಪಕ್ಕದ ಮನೆ ಬೆಕ್ಕು. ಮೋರಿ ಕಡೆಯಿಂದ ಬರುವ ಮುಂಗುಸಿಗೆ ಮಾತ್ರ ಅವ್ವನ ಕಡೆಯಿಂದ ವಿನಾಯಿತಿ. ಮುಂಗುಸಿ ಕಂಡರೆ ಒಳ್ಳೇದು ಅಂತ ಅವಳ ಲೆಕ್ಕ.

ಮರಿಗಳಿಗೆ ಅಪ್ಪ ಅಮ್ಮ ಇಬ್ಬರೂ ಹುಳ ತರುವುದನ್ನು ನೋಡಿ. ಒಂದು ಬಾರಿ ತಂದ ಹಸಿರು ಹುಳ ಮರಿಯ ತಲೆಗಿಂತ ಉದ್ದ ಇತ್ತು. ಹಾರುವ ದಿನದ ವಿಡಿಯೋ ಇಲ್ಲ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಎಲೆ ಖಾಲಿ. ಮೂರೂ ಹಾರಿದವೋ, ಬೆಕ್ಕಿನ ಪಾಲು ಎಷ್ಟೋ ಗೊತ್ತಿಲ್ಲ. ಎರಡು ಮರಿ ದಾಸವಾಳದಲ್ಲಿ ಕಂಡವು, ಬಾಲ ಇನ್ನೂ ಮೊಂಡ.

ಸಂಕ್ರಾಂತಿ ಕಳೆದ ಮೇಲೆ ಬಾದಾಮಿ ಎಲೆಗಳು ಕೆಂಪಾಗಿ ಉದುರಲು ಶುರುವಾದವು. ಗೂಡಿನ ಎಲೆಯೂ ಒಂದು ದಿನ ಒಗೆಯುವ ಕಲ್ಲಿನ ಪಕ್ಕ ಬಿದ್ದಿತ್ತು. ಅವ್ವ ಅದನ್ನು ಒಳಗೆ ತಂದು, ಸೂಜಿ ತುದಿಯಿಂದ ಒಂದು ಹೊಲಿಗೆ ಬಿಚ್ಚಲು ನೋಡಿದಳು. ಎಲೆ ಹರಿಯಿತು, ಹೊಲಿಗೆ ಬಿಚ್ಚಲಿಲ್ಲ.

ಮಷಿನ್ ಮೇಲೆ ಬಿಗಿ ಆಯಿತೆಂದು ವಾಪಸ್ ಬಂದ ಮೂರು ಬ್ಲೌಸ್ ಇದ್ದವು. ಅವುಗಳ ಕಡೆ ನೋಡಿ ಅಂದಳು, "ಆಕೀಗೆ ಚಲೋ ಐತಿ ಬಿಡು. ಗಿರಾಕಿ ಕಾಟ ಇಲ್ಲ."

ಆಮೇಲೆ ಎಲೆಯನ್ನು ಬಾಬಿನ್ ಡಬ್ಬಿಯಲ್ಲಿ ಇಟ್ಟಳು. ಹಾರಿ ಹೋಗುತ್ತದೆ, ಮೊದಲು ಫ್ಯಾನ್ ಬಂದ್ ಮಾಡು ಎಂದು ನನಗೆ ಹೇಳಿದಳು.