ಲಿನಕ್ಸ್‌ಗೆ ಬೈಯುವ ಮೊದಲು ಮೋಡೆಮ್ ಹೇಳುವುದನ್ನು ಓದಿ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹಿಂದಿನ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಓದಿದ ಮೇಲೆ ಅದು ಪಕ್ಕಕ್ಕೆ ಹೋಯಿತು. "ಲ್ಯಾಪ್‌ಟಾಪ್‌ಗೆ ಸಿಮ್ ಹಾಕಿದೆ, ನೆಟ್ ಬರಲಿಲ್ಲ. ಲಿನಕ್ಸ್‌ನಲ್ಲಿ ಇದೆಲ್ಲ ಆಗಲ್ಲ, ಸುಮ್ನೆ ಜನರ ದಾರಿ ತಪ್ಪಿಸಬೇಡಿ." ಅದಕ್ಕೆ ಲೈಕುಗಳು ಬೇರೆ!

ನಾನು ಕೇಳಿದ್ದು ಒಂದೇ ಪ್ರಶ್ನೆ. ಮೋಡೆಮ್, ಅಂದರೆ ಲ್ಯಾಪ್‌ಟಾಪ್ ಅನ್ನು ಮೊಬೈಲ್ ನೆಟ್‌ವರ್ಕ್‌ಗೆ ಸೇರಿಸುವ ಕಾರ್ಡ್, ಏನು ಹೇಳಿತು? ಉತ್ತರ ಬಂತು: "ಏನೂ ಹೇಳಲಿಲ್ಲ, ನೆಟ್ ಬರಲಿಲ್ಲ ಅಷ್ಟೇ."

ನನಗೆ ರೇಗುವುದೇ ಇಲ್ಲಿ. ಮೋಡೆಮ್ ಹೇಳಿತ್ತು. ಇವರು ಕೇಳಲಿಲ್ಲ.

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆಗೆಯಿರಿ. ಎಂಎಂಸಿಎಲ್‌ಐ ಅಂತ ಒಂದು ಕಮಾಂಡ್ ಇದೆ, ಲಿನಕ್ಸ್‌ನಲ್ಲಿ ಮೋಡೆಮ್ ನೋಡಿಕೊಳ್ಳುವ ಮೋಡೆಮ್ ಮ್ಯಾನೇಜರ್ ಅನ್ನುವ ಪ್ರೋಗ್ರಾಂ ಜೊತೆಗೇ ಬರುತ್ತದೆ. ಮೋಡೆಮ್ ನಂಬರ್ ಕೊಟ್ಟು ಎಂಟರ್ ಒತ್ತಿದರೆ ಉದ್ದನೆಯ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ಸ್ಟೇಟ್' ಅನ್ನುವ ಸಾಲು ನೋಡಿ. 'ಫೇಲ್ಡ್' ಅಂತಿದ್ದರೆ ಪಕ್ಕದಲ್ಲೇ ಕಾರಣವೂ ಇರುತ್ತದೆ. 'ಸಿಮ್ ಮಿಸ್ಸಿಂಗ್' ಅಂದರೆ ಸಿಮ್ ಸರಿಯಾಗಿ ಕೂತಿಲ್ಲ, ತೆಗೆದು ಹಾಕಿ. 'ಲಾಕ್ಡ್' ಅಂದರೆ ಪಿನ್ ಕೇಳುತ್ತಿದೆ. ಹುಷಾರಾಗಿ ಕೊಡಿ. ಸಾಮಾನ್ಯವಾಗಿ 3 ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ ಬಿಡಿಸುವ ನಂಬರ್, ಕೇಳುತ್ತದೆ, ಅದೂ 10 ಸಲ ತಪ್ಪಿದರೆ ಆ ಸಿಮ್ ಕಥೆ ಮುಗಿಯಿತು. 'ರಿಜಿಸ್ಟರ್ಡ್' ಅಂತಿದೆ, ಆದರೂ ನೆಟ್ ಇಲ್ಲವಾ? ಹಾಗಿದ್ದರೆ ಸಿಮ್ ಸರಿ ಇದೆ, ಟವರ್ ಸಿಕ್ಕಿದೆ. ಮೊದಲು ಎಪಿಎನ್, ಅಂದರೆ ಸಿಮ್ ಕಂಪನಿಯ ಇಂಟರ್ನೆಟ್ ದಾರಿಯ ಹೆಸರು, ನೋಡಿ. ನೆಟ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಆ ಒಂದೇ ಒಂದು ಪದ ತಿದ್ದಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಇಷ್ಟೆಲ್ಲ ಅದೇ ಬರೆದು ತೋರಿಸುತ್ತದೆ. ಓದಬೇಕು ಅಷ್ಟೇ ಅಲ್ವಾ?

ಓದುವುದು ಬಿಟ್ಟು ನಮ್ಮ ಜನ ಏನು ಮಾಡುತ್ತಾರೆ? ಯಾವುದೋ ಕಾಲದ ಗೈಡ್ ಹುಡುಕುತ್ತಾರೆ. ಡಬ್ಲ್ಯುವಿಡಯಲ್ ಅನ್ನುವ ಡಯಲ್ ಮಾಡುವ ಪ್ರೋಗ್ರಾಂ ಹಾಕು, ಸೀರಿಯಲ್ ಪೋರ್ಟ್ ಬರೆ, ಸ್ಟಾರ್ 99 ಹ್ಯಾಶ್‌ಗೆ ಡಯಲ್ ಮಾಡು. ಅಯ್ಯೋ, ಅದು ಹಳೆಯ ಯುಎಸ್‌ಬಿ ಡಾಂಗಲ್‌ಗಳ ಕಾಲದ್ದು! ಡಯಲ್ ಮಾಡದೆ ಮೋಡೆಮ್ ಜೊತೆ ಮಾತಾಡಲು ಎಂಬಿಐಎಂ ಅನ್ನುವ ಸ್ಟ್ಯಾಂಡರ್ಡ್ 2011ರಲ್ಲೇ ಬಂತು. ಅದರ ಡ್ರೈವರ್ 2013ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.8 ಆವೃತ್ತಿಯಲ್ಲಿ ಸೇರಿತು. ಕ್ಯೂಎಂಐ ಅಂತ ಅಂಥದ್ದೇ ಇನ್ನೊಂದು ಭಾಷೆ, ಅದರ ಡ್ರೈವರ್ ಇದಕ್ಕೂ ಮೊದಲೇ, 3.4ರಲ್ಲಿ ಬಂದಿತ್ತು. ಇವತ್ತಿನ ಕಾರ್ಡ್‌ಗೆ ಡಯಲ್ ಮಾಡುವ ಗೋಜೇ ಬೇಕಿಲ್ಲ. ಮೋಡೆಮ್ ಮ್ಯಾನೇಜರ್ ಓಡುತ್ತಿರುವಾಗಲೇ ನೀವು ಡಬ್ಲ್ಯುವಿಡಯಲ್ ಹಾಕಿದರೆ ಎರಡೂ ಒಂದೇ ಪೋರ್ಟ್‌ಗೆ ಕಿತ್ತಾಡುತ್ತವೆ. ಆಮೇಲೆ ಲಿನಕ್ಸ್ ಸರಿ ಇಲ್ಲ ಅನ್ನುತ್ತೀರಿ.

ಹಳೇ ಡಾಂಗಲ್ಲೇ ಇದೆ ಅನ್ನುವವರೂ ಕೇಳಿ. ಅಂಥ ಎಷ್ಟೋ ಡಾಂಗಲ್‌ಗಳು ಚುಚ್ಚಿದ ಕೂಡಲೇ ತಾವು ಸಿಡಿ ಡ್ರೈವ್ ಅಂತ ಹೇಳಿಕೊಳ್ಳುತ್ತವೆ. ಒಳಗೆ ವಿಂಡೋಸ್‌ನ ಡ್ರೈವರ್ ಇಟ್ಟಿರುತ್ತಾರೆ, ಅದಕ್ಕೆ ಈ ವೇಷ. ಯುಎಸ್‌ಬಿ ಮೋಡ್‌ಸ್ವಿಚ್ ಅನ್ನುವ ಪ್ರೋಗ್ರಾಂ ಒಂದು ಸಂದೇಶ ಕಳಿಸಿದರೆ ವೇಷ ಕಳಚಿ ಮೋಡೆಮ್ ಆಗುತ್ತದೆ. ಆಯಿತೋ ಇಲ್ಲವೋ ಅಂತ ಎಲ್‌ಎಸ್‌ಯುಎಸ್‌ಬಿ, ಅಂದರೆ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಕಮಾಂಡ್, ಹೇಳುತ್ತದೆ. ಸಾಮಾನ್ಯವಾಗಿ ಅಲ್ಲಿ ಕಾಣುವ ಐಡಿ ನಂಬರ್‌ನ ಎರಡನೇ ಭಾಗ ಬದಲಾಗಿರುತ್ತದೆ. ಇಲ್ಲೂ ಅದೇ ಮಾತು: ಓದಿ!

ಅಂದಹಾಗೆ, ಕಮಾಂಡ್‌ಗಳನ್ನೆಲ್ಲ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ. ಅಲ್ಲಿಗೆ ಹೋದಾಗ ಹಾಗೇ ಸಬ್‌ಸ್ಕ್ರೈಬ್ ಬಟನ್ ಒತ್ತಿಬಿಡಿ. ನೋಡುವವರು ಜಾಸ್ತಿ, ಒತ್ತುವವರು ಕಮ್ಮಿ.

ಈಗ ನಿಜವಾಗಿ ತಲೆ ಕೆಡಿಸುವ ವಿಷಯಕ್ಕೆ ಬರೋಣ. ಮೋಡೆಮ್ ಕಾಣಿಸುತ್ತದೆ, ಸಿಮ್ ಓದುತ್ತದೆ, ಎನೇಬಲ್ ಮಾಡಲು ಹೋದರೆ ಮಾತ್ರ ಆಗುವುದಿಲ್ಲ. 'ಪವರ್ ಸ್ಟೇಟ್' ಸಾಲಿನಲ್ಲಿ 'ಲೋ' ಅಂತಲೇ ಇರುತ್ತದೆ. ಇದು ಬಹಳ ಸಲ ಎಫ್‌ಸಿಸಿ ಲಾಕ್, ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆಯ ಹೆಸರಿನದು. ಲ್ಯಾಪ್‌ಟಾಪ್ ಮಾಡುವವರೇ ರೇಡಿಯೋಗೆ ಬೀಗ ಹಾಕಿ ಕಳಿಸಿರುತ್ತಾರೆ. ಅವರದೇ ಸಾಫ್ಟ್‌ವೇರ್ ಬಂದು ತೆಗೆಯಬೇಕು. ಮೋಡೆಮ್ ಮ್ಯಾನೇಜರ್ ಮೊದಲು ಕೆಲವು ಕಾರ್ಡ್‌ಗಳ ಬೀಗವನ್ನು ತಾನೇ ತೆಗೆಯುತ್ತಿತ್ತು. 1.18.4ರಿಂದ ಅದನ್ನು ನಿಲ್ಲಿಸಿ, ತೀರ್ಮಾನ ನಿಮಗೆ ಬಿಟ್ಟಿದೆ. ಹಲವು ಕಾರ್ಡ್‌ಗಳಿಗೆ ಬೇಕಾದ ಸ್ಕ್ರಿಪ್ಟ್ ನಿಮ್ಮ ಡಿಸ್ಕ್‌ನಲ್ಲೇ ಇರುತ್ತದೆ. ನಿಮ್ಮ ಕಾರ್ಡ್‌ನ ಐಡಿಯೇ ಅದರ ಹೆಸರು. ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್‌ನಲ್ಲಿ ಅದಕ್ಕೊಂದು ಲಿಂಕ್ ಕೊಟ್ಟರೆ ಆಯಿತು.

ಹಾಗಾದರೆ ಬೀಗ ಹಾಕಿದ್ದು ಯಾರು? ಲಿನಕ್ಸಾ? ಬೀಗ ಹಾಕಿದವರಿಗೆ ಒಂದು ಮಾತಿಲ್ಲ, ಕೀಲಿ ತಂದಿಟ್ಟವರಿಗೆ ಬೈಗುಳ!

"ವಿಂಡೋಸ್‌ನಲ್ಲಿ ಹಾಕಿದ ತಕ್ಷಣ ಬಂತಲ್ಲ" ಅನ್ನುತ್ತಾರೆ. ಬರದೇ ಏನು ಸ್ವಾಮಿ? ಕಂಪನಿಯವರೇ ಕೂತು ಅದಕ್ಕೆ ಅಂತಲೇ ಬರೆದುಕೊಟ್ಟಿದ್ದಾರೆ. ಇಲ್ಲಿ ಅದನ್ನು ಎಷ್ಟೋ ಸಲ ಹೊರಗಿನವರು ಕಾರ್ಡ್ ಏನು ಮಾತಾಡುತ್ತಿದೆ ಅಂತ ಕಿವಿಗೊಟ್ಟು ಕೇಳಿ ಕಟ್ಟಿದ್ದಾರೆ. ಆ ಕೆಲಸಕ್ಕೆ ಮರ್ಯಾದೆ ಕೊಡಿ.

"ಫೋನ್ ಹಾಟ್‌ಸ್ಪಾಟ್ ಇದೆಯಲ್ಲ, ಇದೆಲ್ಲ ಯಾಕೆ?" ಇನ್ನೊಬ್ಬರು. ಲ್ಯಾಪ್‌ಟಾಪ್ ಒಳಗೆ ದುಡ್ಡು ಕೊಟ್ಟ ಕಾರ್ಡ್ ಕೂತಿದೆ, ಅದಕ್ಕೆ ಅಂತ ಆಂಟೆನಾ ಇದೆ. ಅದನ್ನು ಸುಮ್ನೆ ಮಲಗಿಸಿ, ಫೋನ್ ಬ್ಯಾಟರಿ ಸುಡಬೇಕಾ? ಬೇಕಾದರೆ ನೀವು ಸುಡಿ.

"ನನ್ನದು ಎಲ್‌ಎಸ್‌ಯುಎಸ್‌ಬಿಯಲ್ಲಿ ಕಾಣಿಸುವುದೇ ಇಲ್ಲ" ಅಂತ ಒಬ್ಬರು. ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ನೋಡಿದಿರಾ? ಹೊಸ ಕಾರ್ಡ್‌ಗಳಲ್ಲಿ ಹಲವು ಯುಎಸ್‌ಬಿ ಬಿಟ್ಟು ಪಿಸಿಐ ಎಕ್ಸ್‌ಪ್ರೆಸ್ ಅನ್ನುವ ಬೇರೆ ದಾರಿಯ ಮೇಲೆ ಕೂರುತ್ತವೆ. ಅವುಗಳಿಗೆ ಕರ್ನಲ್‌ನಲ್ಲಿ ಬೇರೆಯೇ ಏರ್ಪಾಡು ಬಂದದ್ದು 2021ರಲ್ಲಿ, 5.13ರಲ್ಲಿ. ಅದಕ್ಕಿಂತ ಹಳೇ ಕರ್ನಲ್ ಇಟ್ಟುಕೊಂಡಿದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ, ಆಮೇಲೆ ಜಗಳಕ್ಕೆ ಬನ್ನಿ.

"ಟರ್ಮಿನಲ್ ನಮಗೆ ಆಗಲ್ಲ." ಯಾಕೆ ಆಗಲ್ಲ? ಕಾಮೆಂಟ್ ಅಷ್ಟುದ್ದ ಟೈಪ್ ಮಾಡಲು ಆಗುತ್ತದೆ. ಒಂದು ಸಾಲು ಕಮಾಂಡ್ ಆಗುವುದಿಲ್ಲವಾ? ಓದಿ ಮಾರಾಯ್ರೇ! ಸ್ಟೇಟ್ ಸಾಲು ಓದಿ! ಓದದೆ ಬೈದರೆ ನಾನು ಒಪ್ಪುವುದಿಲ್ಲ. ಒಪ್ಪುವುದೇ ಇಲ್ಲ!

ಇನ್ನು ಮೇಲೆ "ಓಡಲ್ಲ" ಅಂತ ಬರೆಯುವವರು ಎಂಎಂಸಿಎಲ್‌ಐ ಕೊಟ್ಟ ಪಟ್ಟಿಯನ್ನು ಪೂರ್ತಿ ಜೊತೆಗೆ ಹಾಕಿ. ಐಎಂಇಐ ಮತ್ತು ಫೋನ್ ನಂಬರ್ ಸಾಲುಗಳನ್ನು ಮಾತ್ರ ಅಳಿಸಿ, ಅವು ಊರಿಗೆಲ್ಲ ಗೊತ್ತಾಗಬಾರದು. ಕರ್ನಲ್ ಆವೃತ್ತಿಯನ್ನೂ ಬರೆಯಿರಿ. ಮುಂದಿನ ಶನಿವಾರ ಲೈವ್ ಬರುತ್ತೇನೆ, ಅಲ್ಲೇ ಒಂದೊಂದಾಗಿ ನೋಡೋಣ.