ತೆರೆಮರೆಯಲ್ಲಿ ಮುಚ್ಚಿದ ಬಾಗಿಲು

ಕೇಳುಗರಿಗೆ ನಮಸ್ಕಾರ.

ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿದ್ದು 2003ರಲ್ಲಿ. ಅಂಥ ದೊಡ್ಡ ಕಾರ್ಯಕ್ರಮಗಳು ಈಗ ಬೆಂಗಳೂರಿಗೆ ಹೊಸತಲ್ಲ. ಆದರೆ ಟಿಕೆಟ್ ಕೊಂಡವರಿಗೆ ದಕ್ಕುವುದು ವೇದಿಕೆಯ ಮೇಲಿನ ಒಂದೆರಡು ಗಂಟೆ ಮಾತ್ರ. ವಿಮಾನ, ಹೋಟೆಲು, ಸೌಂಡ್ ಚೆಕ್, ಗಂಟಲು ಬೇನೆ, ಸಿಡಿಮಿಡಿ ಇವೆಲ್ಲ ತುಂಬಿದ ಉಳಿದ ಹೊತ್ತನ್ನು ತೋರಿಸುತ್ತೇವೆಂದು ಮುಂದೆ ಬರುವ ಸಾಕ್ಷ್ಯಚಿತ್ರಗಳ ಬಗ್ಗೆ ಇಂದು ಮಾತನಾಡುತ್ತೇನೆ.

ಹೆಗಲ ಮೇಲಿಟ್ಟು ಚಿತ್ರಿಸಬಹುದಾದ ಹಗುರ ಕ್ಯಾಮೆರಾಗಳೂ ಅದರೊಡನೆಯೇ ಧ್ವನಿ ಹಿಡಿಯುವ ಸಲಕರಣೆಗಳೂ ಬಂದ ಮೇಲೆಯೇ ಈ ಬಗೆಯ ಚಿತ್ರಗಳು ಸಾಧ್ಯವಾದವು. 1965ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಕೈಗೊಂಡ ಇಂಗ್ಲೆಂಡ್ ಪ್ರವಾಸವನ್ನು ಡಿ. ಎ. ಪೆನ್ನೆಬೇಕರ್ ಹೀಗೆ ಚಿತ್ರಿಸಿದರು. ಚಿತ್ರ ತೆರೆಕಂಡದ್ದು 1967ರಲ್ಲಿ. ಅದರಲ್ಲಿ ವಿವರಣೆ ಕೊಡುವ ಹಿನ್ನೆಲೆ ಧ್ವನಿಯಿಲ್ಲ, ನಡೆದದ್ದನ್ನು ನಾವೇ ನೋಡಿ ತಿಳಿಯಬೇಕು. ಆದರೆ ಅದರ ನಿರ್ಮಾಪಕರಲ್ಲಿ ಡಿಲನ್ ಅವರ ವ್ಯವಸ್ಥಾಪಕರೂ ಒಬ್ಬರಾಗಿದ್ದರೆಂಬುದನ್ನು ನೆನಪಿಡಬೇಕು.

ಈ ಮಾದರಿ ತನ್ನ ತುದಿ ಮುಟ್ಟಿದ್ದು ಅಮೆರಿಕದ ಪಾಪ್ ಗಾಯಕಿ ಮಡೋನಾ ಅವರ 1991ರ ‘ಟ್ರೂತ್ ಆರ್ ಡೇರ್’ ಚಿತ್ರದಲ್ಲಿ. ಜಪಾನಿನಿಂದ ಆರಂಭವಾದ ಅವರ 1990ರ ಪ್ರವಾಸವನ್ನು ಅಲೆಕ್ ಕೆಶಿಶಿಯನ್ ಎಂಬ ಯುವ ನಿರ್ದೇಶಕರು ಹಿಂಬಾಲಿಸಿದರು. ವೇದಿಕೆಯ ಹಾಡುಗಳೆಲ್ಲ ಬಣ್ಣದಲ್ಲಿವೆ, ತೆರೆಯ ಹಿಂದಿನದು ಕಪ್ಪುಬಿಳುಪಿನಲ್ಲಿದೆ. ಬಣ್ಣ ಕಳೆದ ಕೂಡಲೇ ಪ್ರೇಕ್ಷಕ ಇದು ನಿಜವೆಂದು ನಂಬಿಬಿಡುತ್ತಾನೆ, ಆ ನಂಬಿಕೆಯನ್ನು ನಿರ್ದೇಶಕರು ಬಹಳ ಜಾಣತನದಿಂದ ಬಳಸಿಕೊಂಡಿದ್ದಾರೆಂದು ನನ್ನ ಅಭಿಪ್ರಾಯ. ಚಿತ್ರದ ಕಾರ್ಯನಿರ್ವಾಹಕ ನಿರ್ಮಾಪಕಿ ಮಡೋನಾ ಅವರೇ.

ಕ್ಯಾಮೆರಾ ಅವರ ಹಾಸಿಗೆಯ ತನಕ ಹೋಗುತ್ತದೆ, ತಾಯಿಯ ಸಮಾಧಿಯ ಬಳಿಗೆ ಹೋಗುತ್ತದೆ, ವೈದ್ಯರು ಗಂಟಲು ಪರೀಕ್ಷಿಸುವಾಗಲೂ ಎದುರಿಗಿರುತ್ತದೆ. ಆ ಹೊತ್ತಿನಲ್ಲಿ ಜೊತೆಗಿದ್ದ ನಟ ವಾರನ್ ಬೀಟಿ, ಕ್ಯಾಮೆರಾ ಇಲ್ಲದೆ ಬದುಕಲು ಈಕೆಗೆ ಮನಸ್ಸೇ ಇಲ್ಲವೆಂಬ ಅರ್ಥದಲ್ಲಿ ಚುಚ್ಚುತ್ತಾರೆ. ಇಷ್ಟೆಲ್ಲ ತೆರೆದಿಟ್ಟ ಮಡೋನಾ ವ್ಯವಹಾರದ ಮಾತು ಬಂದೊಡನೆ ಕ್ಯಾಮೆರಾವನ್ನು ಹೊರಗೆ ಕಳುಹಿಸುತ್ತಾರೆ. ನಮ್ಮ ಯಕ್ಷಗಾನದ ಚೌಕಿಯಲ್ಲೂ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವುದನ್ನು ಯಾರು ಬೇಕಾದರೂ ನಿಂತು ನೋಡಬಹುದು. ಮೇಳದ ಯಜಮಾನರ ಲೆಕ್ಕಪತ್ರ ಮಾತ್ರ ಅಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಇಂಥ ಚಿತ್ರಗಳಲ್ಲಿ ನಾನು ಮೊದಲು ಹುಡುಕುವುದು ಆ ಮುಚ್ಚಿದ ಬಾಗಿಲನ್ನು. ಕಣ್ಣೀರು ತಾರೆಯ ವರ್ಚಸ್ಸಿಗೆ ಕುಂದು ತರುವುದಿಲ್ಲ, ಬದಲಿಗೆ ಅಭಿಮಾನಿಗಳನ್ನು ಇನ್ನಷ್ಟು ಹತ್ತಿರ ತರುತ್ತದೆ; ಯಾರಿಗೆ ಎಷ್ಟು ಸಂದಿತು, ಯಾವ ಕರಾರಿಗೆ ಯಾರು ಸಹಿ ಹಾಕಿದರು ಎಂಬುದು ಹೊರಬಿದ್ದರೆ ಆ ನಂಟಿನ ಬಣ್ಣವೇ ಬೇರೆಯಾದೀತು.

ಆ ಬಾಗಿಲಿನ ಆಚೆಗೆ ನಿಂತವರು ಪ್ರವಾಸದಲ್ಲಿ ಮಡೋನಾ ಜೊತೆ ಕುಣಿದ ನರ್ತಕರು. ಮಡೋನಾ ತಾವು ಅವರಿಗೆ ತಾಯಿಯಿದ್ದಂತೆ ಎಂಬ ಧಾಟಿಯಲ್ಲೇ ಚಿತ್ರದುದ್ದಕ್ಕೂ ಮಾತನಾಡುತ್ತಾರೆ. ಆದರೆ 1992ರಲ್ಲಿ ಏಳು ನರ್ತಕರ ಪೈಕಿ ಮೂವರು ತಮ್ಮ ಖಾಸಗಿತನಕ್ಕೆ ಧಕ್ಕೆಯಾಯಿತೆಂದು ನ್ಯಾಯಾಲಯದ ಮೆಟ್ಟಿಲೇರಿದರು; ಮೊಕದ್ದಮೆ ಮುಂದೆ ರಾಜಿಯಲ್ಲಿ ಮುಗಿಯಿತು. ಅದೇ ನರ್ತಕರನ್ನು ಕುರಿತು 2016ರಲ್ಲಿ ‘ಸ್ಟ್ರೈಕ್ ಎ ಪೋಸ್’ ಎಂಬ ಇನ್ನೊಂದು ಸಾಕ್ಷ್ಯಚಿತ್ರ ಬಂದಿತು. ಏಡ್ಸ್ ಬಗ್ಗೆ ಗಾಯಕಿ ಬಹಿರಂಗವಾಗಿ ಎಚ್ಚರಿಸುತ್ತಿದ್ದ ಆ ದಿನಗಳಲ್ಲಿಯೇ ತಮಗೆ ಎಚ್‌ಐವಿ ಸೋಂಕು ಇತ್ತೆಂದೂ ಅದನ್ನು ಜೊತೆಗಾರರಿಂದ ಮುಚ್ಚಿಟ್ಟಿದ್ದೆವೆಂದೂ ಅವರಲ್ಲಿ ಕೆಲವರು ಅಲ್ಲಿ ಹೇಳಿಕೊಂಡರು. ಅವರ ಕೋಣೆಗಳಿಗೆ ಕೇಳದೆ ನುಗ್ಗುತ್ತಿದ್ದ ಕ್ಯಾಮೆರಾಕ್ಕೆ ಇದರ ಸುಳಿವೇ ಸಿಕ್ಕಿರಲಿಲ್ಲ.

ಬನಶಂಕರಿಯ ಸುಚಿತ್ರಾದಂಥ ಚಿತ್ರಸಮಾಜವೊಂದು ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ತೋರಿಸುವುದಾದರೆ, 1991ರದ್ದನ್ನೇ ಮೊದಲು ತೋರಿಸಲಿ; ಅದನ್ನು ಮನಸಾರೆ ಮೆಚ್ಚಿದ ಮೇಲೆಯೇ ಎರಡನೆಯದನ್ನು ನೋಡಬೇಕು. ನಮಸ್ಕಾರ.