ಎರಡು ಮೀಟರ್ ಎತ್ತರಿಸಿದರೆ ಎಷ್ಟು ದಿನದ ನೀರು?

(ಉಡುಪಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಉಡುಪಿಗೆ ನೀರು ಕೊಡುವ ಬಜೆಯಲ್ಲೋ ಮಂಗಳೂರಿಗೆ ಕೊಡುವ ತುಂಬೆಯಲ್ಲೋ ನೀರಿನ ಮಟ್ಟ ಇಳಿದ ಪ್ರತಿ ಬೇಸಿಗೆಯಲ್ಲೂ ಒಂದು ಮಾತು ಏಳುತ್ತದೆ: ಘಟ್ಟದ ಕಡೆಯ ಜಲಾಶಯಗಳನ್ನು ಇನ್ನಷ್ಟು ಎತ್ತರಿಸಿ. ಸಲಹೆ ಕೆಟ್ಟದ್ದೇನಲ್ಲ. ಆದರೆ ಅದನ್ನು ಅಳೆಯುವಾಗ ಎಲ್ಲರೂ ಮೊದಲು ಗೋಡೆಯ ಖರ್ಚನ್ನು ಕೇಳುತ್ತಾರೆ. ಮೊದಲು ನೋಡಬೇಕಾದದ್ದು ಕ್ಯಾಲೆಂಡರ್.

ನಮ್ಮ ಕಡೆ ಜಲಾಶಯ ತುಂಬುತ್ತದೆಯೇ ಎಂಬ ಚಿಂತೆ ಇಲ್ಲ. ಜುಲೈಯಲ್ಲೇ ಕೋಡಿ ಹರಿಯುತ್ತದೆ. ಒಳಹರಿವು ನಮ್ಮ ಬಳಕೆಗಿಂತ ಕೆಳಗಿಳಿಯುವ ದಿನ ಯಾವುದು, ಅಲ್ಲಿಂದ ಹೊಳೆ ಮತ್ತೆ ಏರುವ ತನಕ ಎಷ್ಟು ದಿನ, ಇದು ಗೊತ್ತಾಗಬೇಕು. 2019ರಲ್ಲೂ 2023ರಲ್ಲೂ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. ಮಳೆ ಶುರುವಾದರೂ ಒಣಗಿದ ನೆಲ ಮೊದಲ ಮಳೆಗಳನ್ನು ಕುಡಿದುಬಿಡುತ್ತದೆ. ಆದ್ದರಿಂದ ಲೆಕ್ಕವನ್ನು ಮೇ 31ಕ್ಕೆ ನಿಲ್ಲಿಸದೆ ಜೂನ್ 20ರವರೆಗೆ ಎಳೆಯಿರಿ. ಹತ್ತತ್ತು ದಿನದ ಹರಿವಿನ ಪಟ್ಟಿ, ಸಾಧ್ಯವಾದರೆ ಮೂವತ್ತು ವರ್ಷದ್ದು, ಎದುರಿಗಿರಲಿ. ಸರಾಸರಿಯನ್ನು ನಂಬಬೇಡಿ. ನೀರಾವರಿ ಯೋಜನೆಗೆ ನೂರರಲ್ಲಿ 75 ವರ್ಷ ನೀರು ಸಿಕ್ಕಿದರೆ ನಡೆದೀತು. ಕುಡಿಯುವ ನೀರಿಗೆ ಆ ಅಂಕಿ 100ರ ಹತ್ತಿರವೇ ಇರಬೇಕು.

ಈಗ ಎತ್ತರದ ವಿಷಯ. ಇಂಗ್ಲಿಷಿನ ವಿ ಅಕ್ಷರದಂತೆ ಮೇಲೆ ಅಗಲವಾಗುತ್ತ, ಹಿಂದಕ್ಕೆ ಸಮ ಇಳಿಜಾರಿನಲ್ಲಿ ಏರುವ ಕಣಿವೆಯಲ್ಲಿ ಆಳ 20 ಮೀಟರಿನಿಂದ 22ಕ್ಕೆ ಏರಿದರೆ ನೀರು ಶೇಕಡಾ 33 ಹೆಚ್ಚುತ್ತದೆ. ಕೇಳಲು ಚೆಂದ. ಆದರೆ ಮುಳುಗುವ ನೆಲ ಶೇಕಡಾ 21 ಹೆಚ್ಚುತ್ತದೆ, ನಡುವಿನ ಆಳದ ಕಡೆ ಕಟ್ಟೆಯ ಪ್ರತಿ ಮೀಟರ್ ಉದ್ದದ ಮೇಲಿನ ತಳ್ಳುವಿಕೆಯೂ ಅಷ್ಟೇ. ಅಲ್ಲಿ ಕಟ್ಟೆಯನ್ನು ಮಗುಚಲು ನೋಡುವ ಬಲವಂತೂ ನೀರಿನಷ್ಟೇ, ಶೇಕಡಾ 33 ಏರುತ್ತದೆ. ಪುಕ್ಕಟೆ ಏನೂ ಸಿಗುವುದಿಲ್ಲ.

ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳೋಣ. ದಿನಕ್ಕೆ 30 ಎಂಎಲ್‌ಡಿ, ಅಂದರೆ 30,000 ಘನ ಮೀಟರ್ ಬಳಕೆ. ಜಲಾಶಯದ ಹರವು 50 ಹೆಕ್ಟೇರ್. ಎರಡು ಮೀಟರ್ ಎತ್ತರಿಸಿದರೆ 60. ಹೆಚ್ಚುವರಿ ಸಂಗ್ರಹ ಸುಮಾರು 11 ಲಕ್ಷ ಘನ ಮೀಟರ್. ದಿನಕ್ಕೆ 5 ಮಿಲಿಮೀಟರಿನಂತೆ 120 ದಿನ ಆವಿಯಾದರೆ ಹೊಸ 10 ಹೆಕ್ಟೇರಿನಿಂದ ಹೋಗುವುದು 60,000. (ಹಳೆಯ 50 ಹೆಕ್ಟೇರಿನ ಆವಿ ಹೇಗೂ ಹೋಗುತ್ತಿತ್ತು, ಅದನ್ನೂ ಇಲ್ಲಿ ಕಳೆಯುವವರಿದ್ದಾರೆ.) ಸೋರಿಕೆಗೆ ಹತ್ತನೇ ಒಂದು ಭಾಗ ಬಿಟ್ಟರೆ ಉಳಿಯುವುದು 9.3 ಲಕ್ಷ, ಅಂದರೆ 31 ದಿನದ ನೀರು. ಕೆಳಗಿನ ಹೊಳೆಗೆ ಬಿಡಬೇಕಾದದ್ದು ಇದರಲ್ಲೇ ಹೋಗಬೇಕು. ಅದೇ ಊರು ಕೊಳವೆಗಳ ಸೋರಿಕೆಯನ್ನು ಶೇಕಡಾ 25ರಿಂದ 15ಕ್ಕೆ ಇಳಿಸಿದರೆ 120 ದಿನಕ್ಕೆ 3.6 ಲಕ್ಷ ಘನ ಮೀಟರ್, ಹನ್ನೆರಡು ದಿನದ ನೀರು, ಒಂದು ಅಡಿಕೆ ತೋಟವನ್ನೂ ಮುಳುಗಿಸದೆ ಸಿಗುತ್ತದೆ.

ಹೂಳೆತ್ತಿದರೆ ಸಾಲದೇ ಎನ್ನುವವರಿಗೆ ಒಂದು ಎಚ್ಚರಿಕೆ. ನೀರೆಳೆಯುವ ಬಾಯಿಗಿಂತ ಕೆಳಗಿರುವ ಹೂಳು ತೆಗೆದರೆ ಬಳಸುವ ನೀರು ಒಂದು ಕೊಡವೂ ಹೆಚ್ಚುವುದಿಲ್ಲ, ಪಂಪಿನ ಬಾಯಿಯನ್ನೂ ಕೆಳಗಿಳಿಸದ ಹೊರತು. ದೋಣಿಯಿಂದ ಆಳ ಅಳೆದು, ಬಾಯಿಯ ಮಟ್ಟಕ್ಕಿಂತ ಮೇಲಿರುವುದೆಷ್ಟು ಎಂದು ಬೇರೆ ಮಾಡಿ ಬರೆಯಿರಿ.

ಎತ್ತರಿಸಿದ ಅಣೆಕಟ್ಟುಗಳು ಬೇರೆ ಕಡೆ ಇಲ್ಲವೇ? ಇವೆ. ಸ್ವಿಟ್ಜರ್ಲೆಂಡಿನ ಮೋವ್ವಾಜೆನ್ ಅಣೆಕಟ್ಟು 1991ರ ಹೊತ್ತಿಗೆ 13.5 ಮೀಟರ್ ಏರಿ 250 ಮೀಟರ್ ಮುಟ್ಟಿತು. ಲುಝೋನೆ 1990ರ ದಶಕದ ಕೊನೆಯಲ್ಲಿ 17 ಮೀಟರ್ ಏರಿತು. ಎರಡೂ ಕಮಾನಿನ ಕಟ್ಟೆಗಳು. ಭಾರವನ್ನು ಎರಡು ಬದಿಯ ಬಂಡೆ ಹೊರುತ್ತದೆ.

ನಮ್ಮ ತೊಂದರೆ ಇರುವುದು ಇಲ್ಲೇ. ಹೊಳೆಯ ಪಾತ್ರದಲ್ಲಿ ಗಟ್ಟಿ ಕಲ್ಲು ಸಿಕ್ಕೀತು. ಬದಿಯ ಗುಡ್ಡ ಹಾಗಲ್ಲ: ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣು, ಅದರಡಿ ಸವೆದ ಬಂಡೆ. ಮುರಕಲ್ಲಿನ ರಂಧ್ರಗಳಲ್ಲಿ ನೀರು ಸಲೀಸಾಗಿ ಓಡುತ್ತದೆ. ಶೇಡಿ ಒಣಗಿದ್ದಾಗ ಕಡಿದಲ್ಲಿ ನೆಟ್ಟಗೆ ನಿಲ್ಲುತ್ತದೆ. ನೆನೆದರೆ ಬಲ ಕಳೆದುಕೊಂಡು ನೀರಿನ ಜೊತೆ ಕರಗಿ ಹೋಗುತ್ತದೆ, ಒಳಗೊಳಗೇ ಬಿಲ ಕೊರೆಯುತ್ತದೆ. ಹಳೆಯ ನೀರಿನ ಮಟ್ಟ ಈ ಪದರದ ಕೆಳಗೇ ಇದ್ದು, ಎರಡು ಮೀಟರ್ ಏರಿಸಿದಾಗ ಮೊದಲ ಸಲ ಅದನ್ನು ಮುಟ್ಟಬಹುದು. ಆಗ ಕಾಂಕ್ರೀಟ್ ಗೋಡೆ ಎಷ್ಟೇ ಭದ್ರವಿರಲಿ, ನೀರು ಅದರ ಪಕ್ಕದಿಂದ ದಾರಿ ಹುಡುಕುತ್ತದೆ. ಗೇಟು ತೆರೆದು ಬೇಗ ಖಾಲಿ ಮಾಡಿದರೆ ಇನ್ನೊಂದು ಅಪಾಯ: ಎದುರಿನ ನೀರಿನ ಆಸರೆ ಹೋಗಿ, ಒಳಗೆ ತೇವ ತುಂಬಿದ ದಂಡೆ ಜಾರುತ್ತದೆ. ಹಾಗಾಗಿ ಕೊರೆತದ ರಂಧ್ರಗಳನ್ನು ಹೊಳೆಯ ನಡುವೆ ಮಾತ್ರ ಹಾಕಿದ ವರದಿಯನ್ನು ವಾಪಸು ಕಳಿಸಿ. ಎರಡೂ ಬದಿಯಲ್ಲಿ, ಹೊಸ ಮಟ್ಟಕ್ಕಿಂತ ಮೇಲಿನಿಂದ ಶುರುಮಾಡಿ ಬಂಡೆ ಸಿಗುವ ತನಕ ಕೊರೆಯಬೇಕು. ಪ್ರತಿ ಹಂತದಲ್ಲಿ ನೀರಿಳಿಯುವ ವೇಗ ಅಳೆಯಬೇಕು. ಅಳತೆ ಕೊಳವೆ ಬಿಟ್ಟು ಮಳೆಗಾಲ, ಬೇಸಿಗೆ ಎರಡರಲ್ಲೂ ಮಟ್ಟ ಬರೆದಿಡಬೇಕು.

ಗೋಡೆಯ ಕೆಲಸದಲ್ಲಿ ಕೆಡುವುದು ಸಾಮಾನ್ಯವಾಗಿ ಹಳೆಯ ಮತ್ತು ಹೊಸ ಕಾಂಕ್ರೀಟಿನ ಕೂಡಿಕೆ. ಹೊಸದು ತಣಿಯುತ್ತ ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ, ನಡುವೆ ಬಿರುಕು. ಹಳೆಯ ಮೈಯನ್ನು ಒರಟುಗೊಳಿಸಿ, ಸರಳು ನೆಟ್ಟು, ನೀರು ಇಳಿಸಿದ ಕಾಲದಲ್ಲೇ ಹೊಸದನ್ನು ಸೇರಿಸಬೇಕು. ತುಂಬಿದಾಗ ಸೇರಿಸಿದರೆ ಹಳೆಯ ಭಾರವೆಲ್ಲ ಹಳೆಯ ಗೋಡೆಯ ಮೇಲೇ ಉಳಿಯುತ್ತದೆ.

ಕಟ್ಟೆ ಮುಟ್ಟದೆ ಗೇಟು ಮಾತ್ರ ಎತ್ತರಿಸುವುದು ಅಗ್ಗದ ದಾರಿ. ಆದರೆ ಮೊದಲ ಜೋರು ಮಳೆಗೇ ಕರೆಂಟು ಹೋಗುತ್ತದೆ, ಮರದ ದಿಮ್ಮಿ, ತೆಂಗಿನ ಮಡಲು ತೇಲಿ ಬಂದು ಕಿಂಡಿಗೆ ಸಿಕ್ಕುತ್ತವೆ. ಒಂದು ಗೇಟು ತೆರೆಯಲಿಲ್ಲ ಎಂದೇ ಇಟ್ಟುಕೊಂಡು ನೆರೆಯ ಲೆಕ್ಕ ಹಾಕಿ, ಜನರೇಟರ್ ಜೊತೆಗೆ ಕೈಯಿಂದ ಎತ್ತುವ ವ್ಯವಸ್ಥೆಯೂ ಇರಲಿ.

ನೆರೆಯ ವಿಷಯದಲ್ಲಿ ಸಣ್ಣ ಏರಿಕೆ ದೊಡ್ಡ ಬಿಲ್ ತರುವುದುಂಟು. ಭಾರತೀಯ ಮಾನಕ 11223ರ ಪ್ರಕಾರ 12 ಮೀಟರಿನೊಳಗಿನ ನೀರೆತ್ತರ, 1 ಕೋಟಿ ಘನ ಮೀಟರಿನೊಳಗಿನ ಸಂಗ್ರಹವಿದ್ದರೆ ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಕೋಡಿ ಸಾಕು. ಎರಡರಲ್ಲಿ ಒಂದು ದಾಟಿದರೂ ಅದಕ್ಕಿಂತ ಬಹಳ ದೊಡ್ಡ, ಮಾನಕ ಯೋಜನಾ ನೆರೆಯನ್ನು ತಾಳಬೇಕು. 11.5 ಮೀಟರಿನದ್ದನ್ನು 13 ಮಾಡಿದರೆ ಎತ್ತರಿಸಿದ್ದು ಒಂದೂವರೆ ಮೀಟರ್, ಬದಲಾಯಿಸಬೇಕಾದದ್ದು ಇಡೀ ಕೋಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಲ್ಲೂ ಇಂಥದೇ ಗೆರೆಗಳಿವೆ: 15 ಮೀಟರ್ ದಾಟಿದ್ದೆಲ್ಲ ಅದರಡಿ ಬರುತ್ತದೆ, 10ರಿಂದ 15ರ ನಡುವಿನದ್ದು 10 ಲಕ್ಷ ಘನ ಮೀಟರ್ ಹಿಡಿಯುವಂತಿದ್ದರೆ ಬರುತ್ತದೆ. ತಪಾಸಣೆ, ಉಪಕರಣ, ತುರ್ತು ಯೋಜನೆಗಳ ವಾರ್ಷಿಕ ಖರ್ಚು ಅಂದಾಜು ಪಟ್ಟಿಯ ಕೊನೆಯಲ್ಲಿ ಇತರೆ ಎಂಬ ಸಾಲಿನೊಳಗೆ ಅಡಗಿರುತ್ತದೆ. ಅದನ್ನು ಹೊರಗೆಳೆದು, 31 ದಿನದ ನೀರಿನ ಬೆಲೆಗೆ ಕೂಡಿಸಿ, ದಿನಕ್ಕೆಷ್ಟು ಬಿತ್ತು ಎಂದು ಭಾಗಿಸಿ ನೋಡಿ.